ರಿಂಗ್ ರೋಡ್ ಆಚೆ ಸೈಟು ಯಾಕೆ ಅಗ್ಗ? ಮೈಸೂರಿನ ಅಂಚಿನಲ್ಲಿ ಜಾಗ ಕೊಳ್ಳುವವರಿಗೆ

ಮೈಸೂರಿನ ರಿಂಗ್ ರೋಡ್ ದಾಟುತ್ತಿದ್ದ ಹಾಗೆ ಸೈಟಿನ ರೇಟು ಇಳಿಯುತ್ತದೆ. ಇನ್ನೂ ನಾಲ್ಕೈದು ಕಿಲೋಮೀಟರ್ ಮುಂದೆ ಹೋದರೆ ಮತ್ತಷ್ಟು ಇಳಿಯುತ್ತದೆ. ಊರೊಳಗೆ ಬರೀ ಸೈಟಿಗೆ ಸುರಿಯುವ ದುಡ್ಡಿನಲ್ಲಿ ಅಲ್ಲಿ ಸೈಟೂ ಆಯಿತು, ಮನೆಯೂ ಎದ್ದಿತು ಅನ್ನುವ ಲೆಕ್ಕ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಯಾರೂ ನಮ್ಮ ಮುಖ ನೋಡಿ ರೇಟು ಕಡಿಮೆ ಮಾಡಿರುವುದಿಲ್ಲ. ಅಲ್ಲಿ ಏನೋ ಕೆಲಸ ಬಾಕಿ ಇದೆ, ಅದಕ್ಕೇ ಅಗ್ಗ.

ಈ ಬಾಕಿಯಲ್ಲಿ ಎರಡು ಜಾತಿ. ಬಸ್ಸು ಬಂದಿಲ್ಲ, ಬೀದಿದೀಪ ಹತ್ತಿಲ್ಲ, ಪಕ್ಕದಲ್ಲಿ ಅಂಗಡಿ ಇಲ್ಲ, ಸುತ್ತ ಇನ್ನೂ ಮನೆಗಳು ಎದ್ದಿಲ್ಲ. ಇವು ವರ್ಷ ಕಳೆದ ಹಾಗೆ ಸರಿಹೋಗುವಂಥವು. ಮಾರಿದವನ ಅಕ್ಕ ಸಹಿ ಹಾಕಿಲ್ಲ, ಜಮೀನು ಕೃಷಿ ವಲಯದಲ್ಲಿದೆ, ಸೈಟಿನ ಅರ್ಧ ಹಳ್ಳದ ಮೇಲಿದೆ. ಇವು ಇಪ್ಪತ್ತು ವರ್ಷ ಕಾದರೂ ಸರಿಹೋಗುವುದಿಲ್ಲ, ದಿನ ಹೋದಷ್ಟೂ ಬಿಗಡಾಯಿಸುತ್ತವೆ. ಬ್ರೋಕರ್ ಎರಡನ್ನೂ ಒಂದೇ ಉಸಿರಿನಲ್ಲಿ ‘ಮುಂದೆ ಎಲ್ಲ ಸರಿ ಆಗುತ್ತೆ ಸಾರ್’ ಅಂದುಬಿಡುತ್ತಾರೆ. ಯಾವುದು ಸರಿ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಬೇರೆ ಮಾಡಿ ನೋಡುವುದೇ ಕೊಳ್ಳುವವರ ಕೆಲಸ.

ಮೊದಲು, ಈ ಜಾಗ ಯಾರ ಕೈಕೆಳಗಿದೆ?

ಮೈಸೂರು ಎಲ್ಲ ದಿಕ್ಕಿಗೂ ಒಂದೇ ಥರ ಬೆಳೆಯುತ್ತಿಲ್ಲ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಕಾರ್ಖಾನೆಗಳೂ ಐಟಿ ಕಂಪನಿಗಳೂ ಇವೆ. ಕಡಕೊಳ, ನಂಜನಗೂಡು ಕಡೆ ಮತ್ತೊಂದು ಕೈಗಾರಿಕಾ ಸಾಲು ಇದೆ. ಅದೇ ದಾರಿಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣವೂ ಚಾಮರಾಜನಗರದ ರೈಲು ಹಳಿಯೂ ಸಿಗುತ್ತವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದ ಮೇಲಂತೂ ‘ಬೆಂಗಳೂರಿನಿಂದ ಒಂದೂವರೆ ಗಂಟೆ’ ಅನ್ನುವ ಮಾತು ಪ್ರತಿ ಲೇಔಟಿನ ಬೋರ್ಡಿನ ಮೇಲೂ ಬಂತು. ಆ ಒಂದೂವರೆ ಗಂಟೆ ಎಲ್ಲಿಂದ ಎಲ್ಲಿಗೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ!

ಊರು ಹೀಗೆ ಹರಡಿದ್ದಕ್ಕೆ 2020ರಲ್ಲಿ ಸರ್ಕಾರ ಅಂಚಿನ ಎಷ್ಟೋ ಹಳ್ಳಿಗಳನ್ನು ಗ್ರಾಮ ಪಂಚಾಯಿತಿಯಿಂದ ತೆಗೆಯಿತು. ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವನ್ನೆಲ್ಲ ಪಾಲಿಕೆಗೆ ಸೇರಿಸಿ ಬೃಹತ್ ಮೈಸೂರು ಮಾಡುವ ವಿಷಯವೂ ಇದೆ. ಇನ್ನು ನಗರ ಯೋಜನೆಯ ಕೆಲಸ ನೋಡುವುದು ಬೇರೆ ಸಂಸ್ಥೆ. ಅದು ಮೊನ್ನೆ ಮೊನ್ನೆಯವರೆಗೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗಿತ್ತು, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಡಿಎ. ಜನರ ಬಾಯಲ್ಲಿ ಇನ್ನೂ ಮುಡಾನೇ. ನಾನೂ ಹಾಗೇ ಬರೆಯುತ್ತೇನೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಒಂದೇ ರಸ್ತೆಯ ಎಡಗಡೆ ಪಟ್ಟಣ ಪಂಚಾಯಿತಿ, ಬಲಗಡೆ ಗ್ರಾಮ ಪಂಚಾಯಿತಿ ಇರಬಹುದು. ಕಂದಾಯ ಕಟ್ಟುವ ಕಚೇರಿ ಬೇರೆ, ಖಾತೆಯ ನಮೂನೆ ಬೇರೆ, ಕಸದ ಗಾಡಿ ಬೇರೆ. ಸೈಟು ನೋಡಲು ಹೋದಾಗ ಮೊದಲು ಕೇಳಬೇಕಾದ್ದು ಇದನ್ನೇ: ಇದು ಯಾವ ಪಂಚಾಯಿತಿಗೆ ಸೇರುತ್ತದೆ, ಯಾವ ಹಳ್ಳಿ, ಸರ್ವೆ ನಂಬರ್ ಎಷ್ಟು? ಸರ್ವೆ ನಂಬರ್ ಹೇಳಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ವಾಪಸ್ಸು ಬನ್ನಿ. ಸರ್ಕಾರದ ದಿಶಾಂಕ್ ಆ್ಯಪ್ ಫೋನಿನಲ್ಲಿದ್ದರೆ ನೀವು ನಿಂತ ಜಾಗದ ಸರ್ವೆ ನಂಬರ್ ಅದೇ ತೋರಿಸುತ್ತದೆ. ಬ್ರೋಕರ್ ಹೇಳಿದ ನಂಬರಿಗೂ ಅದಕ್ಕೂ ತಾಳೆ ಆಗುತ್ತದಾ ಅಂತ ಅಲ್ಲೇ ನೋಡಬಹುದು.

ಹೊಲ ಸೈಟಾಗುವ ದಾರಿ

ಊರಾಚೆಯ ಸೈಟುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಹೊಲ. ರಾಗಿಯೋ ಹುರುಳಿಯೋ ಬೆಳೆಯುತ್ತಿದ್ದ ಎಕರೆಯನ್ನು ಮೂವತ್ತು-ನಲವತ್ತರ ತುಂಡು ಮಾಡಿ ಮಾರಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು. ಮಾರುವವರು ಎಷ್ಟು ಮೆಟ್ಟಿಲು ಹತ್ತಿದ್ದಾರೆ ಅನ್ನುವುದರ ಮೇಲೆ ರೇಟು ನಿಂತಿರುತ್ತದೆ.

ಒಂದನೆಯದು ವಲಯ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಾಡಿದ ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರ್ ವಸತಿಗೆ ಮೀಸಲೋ, ಕೃಷಿಗೋ, ಕೈಗಾರಿಕೆಗೋ, ಪಾರ್ಕಿಗೋ ಅಂತ ಬಣ್ಣ ಹಚ್ಚಿರುತ್ತಾರೆ. ಹಳದಿ ಅಂದರೆ ವಸತಿ. ಹಸಿರು ಅಂದರೆ ಮರೆತುಬಿಡಿ.

ಎರಡನೆಯದು ಭೂ ಪರಿವರ್ತನೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯ ಆದೇಶ ಬೇಕು. ಇದನ್ನೇ ಜನ ‘ಅಲಿನೇಷನ್ ಆಗಿದೆ’, ‘ಡಿಸಿ ಕನ್ವರ್ಷನ್ ಆಗಿದೆ’ ಅನ್ನುತ್ತಾರೆ. ಆದೇಶದ ಪ್ರತಿ ಕೇಳಿ ಓದಿ. ಯಾವ ಉದ್ದೇಶಕ್ಕೆ ಪರಿವರ್ತನೆ ಅಂತ ಅದರಲ್ಲಿ ಬರೆದಿರುತ್ತದೆ. ಕೈಗಾರಿಕೆಗೆ ಪರಿವರ್ತನೆ ಆದ ಜಾಗವನ್ನು ಮನೆ ಸೈಟು ಅಂತ ಮಾರುವವರು ಇದ್ದಾರೆ.

ಮೂರನೆಯದು ಬಡಾವಣೆ ನಕ್ಷೆಗೆ ಮಂಜೂರಾತಿ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಕನ್ವರ್ಷನ್ ಆಯಿತು ಅಂದ ಮಾತ್ರಕ್ಕೆ ಆ ಜಮೀನನ್ನು ಸೈಟುಗಳಾಗಿ ಒಡೆಯಲು ಅನುಮತಿ ಸಿಕ್ಕಿತು ಅಂತಲ್ಲ. ರಸ್ತೆ ಇಷ್ಟು ಅಗಲ, ಪಾರ್ಕಿಗೆ ಇಷ್ಟು, ನಾಗರಿಕ ಸೌಲಭ್ಯಕ್ಕೆ ಇಷ್ಟು ಅಂತ ಬಿಟ್ಟು ಮಾಡಿದ ನಕ್ಷೆಯನ್ನು ಯೋಜನಾ ಪ್ರಾಧಿಕಾರ ಒಪ್ಪಬೇಕು. ಆ ರಸ್ತೆ, ಪಾರ್ಕು ಎಲ್ಲ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ 1,089 ಚದರ ಅಡಿ. ಒಂದು ಎಕರೆಯಲ್ಲಿ 43,560 ಚದರ ಅಡಿ ಅಂದರೆ ಬಾಯಿಲೆಕ್ಕಕ್ಕೆ ಮೂವತ್ತಾರು ಸೈಟು ಆಗಬೇಕು. ರಸ್ತೆ, ಪಾರ್ಕು ಬಿಟ್ಟರೆ ಮಾರಲು ಸಿಗುವುದು ಹೆಚ್ಚು ಕಡಿಮೆ ಅರ್ಧ. ಅನುಮತಿ ಪಡೆದ ಬಡಾವಣೆಯ ಸೈಟು ಪಕ್ಕದ ‘ರೆವಿನ್ಯೂ ಸೈಟಿ’ಗಿಂತ, ಅಂದರೆ ನಕ್ಷೆ ಮಂಜೂರಾಗದೆ ಮಾರುವ ಸೈಟಿಗಿಂತ, ದುಬಾರಿ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಅಲ್ಲಿ ರಸ್ತೆಗೆ ಹೋದ ನೆಲಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ. ರೆವಿನ್ಯೂ ಸೈಟಿನಲ್ಲಿ ಆ ರಸ್ತೆ ಕಾಗದದ ಮೇಲೆ ಇನ್ನೂ ಯಾರದೋ ಹೊಲ.

ನಾಲ್ಕನೆಯದು ಬಡಾವಣೆಯ ಕೆಲಸ ಮುಗಿಸಿ, ಸೈಟು ಬಿಡುಗಡೆ ಮಾಡಿಸಿಕೊಂಡು, ಕೊನೆಗೆ ಇಡೀ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡುವುದು. ಕೆಲಸ ಆದ ಹಾಗೆ ಹಂತ ಹಂತವಾಗಿ ಸೈಟು ಬಿಡುಗಡೆ ಆಗುತ್ತದೆ. ನಿಮ್ಮ ಸೈಟಿನ ನಂಬರ್ ಬಿಡುಗಡೆಯಾದ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ. ‘ಮುಡಾ ಅಪ್ರೂವ್ಡ್’ ಅಂತ ಬೋರ್ಡ್ ಇದ್ದೂ ನಿಮ್ಮ ನಂಬರ್ ಬಿಡುಗಡೆ ಆಗಿರದೆ ಇರಬಹುದು.

500 ಚದರ ಮೀಟರ್ ಮೀರಿದ ಜಾಗದಲ್ಲಿ ಸೈಟು ಮಾಡಿ ಮಾರುವವರು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಒಂದು ಗುಂಟೆ ಸುಮಾರು ನೂರು ಚದರ ಮೀಟರ್. ಅಂದರೆ ಐದು ಗುಂಟೆ ದಾಟಿದರೆ ಸಾಕು, ರೇರಾ ಬೇಕು. ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ಬಡಾವಣೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ ಎಲ್ಲ ಸಿಗುತ್ತದೆ. ಇಂಥ ಯೋಜನೆಯಲ್ಲಿ ಒಪ್ಪಂದವನ್ನು ನೋಂದಣಿ ಮಾಡಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವ ಹಾಗೇ ಇಲ್ಲ. ‘ಮೂವತ್ತು ಪರ್ಸೆಂಟ್ ಕಟ್ಟಿ, ಆಮೇಲೆ ಅಗ್ರಿಮೆಂಟ್’ ಅಂದರೆ ಇದನ್ನು ನೆನಪಿಸಿ.

ಈಚೆಗೆ ಇನ್ನೊಂದು ಥರದ ಮಾರಾಟ ಜಾಸ್ತಿ ಆಗಿದೆ: ಫಾರ್ಮ್ ಪ್ಲಾಟ್. ಕೃಷಿಕರಲ್ಲದವರು ಜಮೀನು ಕೊಳ್ಳಬಾರದು ಅನ್ನುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹೊಲ ಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಆದರೆ ಕೊಂಡ ಮೇಲೂ ಅದು ಹೊಲವೇ. ಐದಾರು ಗುಂಟೆಯ ತುಂಡುಗಳಿಗೆ ಗೇಟು ಹಾಕಿ, ಎರಡು ಸಾಲು ಸಿಲ್ವರ್ ಓಕ್ ನೆಟ್ಟು ಮಾರಿದರೂ ಹೊಲವೇ. ಬೇಸಾಯಕ್ಕೆ ಬೇಕಾದ ತೋಟದಮನೆ ಬೇರೆ, ಬೀದಿ ಮಾಡಿ ಸಾಲು ಮನೆ ಕಟ್ಟುವುದು ಬೇರೆ. ಜೊತೆಗೆ ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವಾಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಪೋಡಿ ಆಗಬೇಕು, ಅಂದರೆ ಸರ್ವೆ ದಾಖಲೆಯಲ್ಲಿ ಆ ಭಾಗ ಬೇರೆಯಾಗಬೇಕು. ಇಲ್ಲದಿದ್ದರೆ ನಿಮ್ಮ ತುಂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವುದಕ್ಕೆ ಬೇಲಿ ಕಂಬವೇ ಸಾಕ್ಷಿ.

ಖಾತೆ ಇದೆ ಅಂದರೆ ಏನಿದೆ?

‘ಖಾತೆ ಇದೆ ಸಾರ್, ಇನ್ನೇನು ಬೇಕು?’ ಅಂತ ಕೇಳುತ್ತಾರೆ. ಖಾತೆ ಅಂದರೆ ಈ ಆಸ್ತಿಯ ಕಂದಾಯವನ್ನು ಇವರಿಂದ ವಸೂಲಿ ಮಾಡಬೇಕು ಅಂತ ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ಲೆಕ್ಕ. ಮಾಲೀಕತ್ವ ಹುಟ್ಟುವುದು ನೋಂದಣಿಯಾದ ಕ್ರಯಪತ್ರದಿಂದ, ವಿಭಾಗ ಪತ್ರದಿಂದ, ದಾನಪತ್ರದಿಂದ, ವಾರಸಾ ಹಕ್ಕಿನಿಂದ. ಖಾತೆ ಅದನ್ನು ಹಿಂಬಾಲಿಸುತ್ತದೆ ಅಷ್ಟೆ. ಕರೆಂಟ್ ಬಿಲ್ಲು ನಿಮ್ಮ ಹೆಸರಲ್ಲಿ ಬಂದರೆ ಮನೆ ನಿಮ್ಮದಾಗುವುದಿಲ್ಲ ಅಲ್ವಾ, ಹಾಗೆ.

ಹಾಗಂತ ಖಾತೆ ಬೇಡ ಅಂತಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಸೈಟು, ಮನೆಗಳ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು ತಂತ್ರಾಂಶದಲ್ಲಿ ಬರುವ ಫಾರಂಗಳನ್ನು ನೋಡಬೇಕು. ಫಾರಂ 9 ಮತ್ತು 11ಎ ಇದ್ದರೆ ಗ್ರಾಮಠಾಣಾ (ಹಳ್ಳಿಯ ಮನೆಗಳಿರುವ ಹಳೆಯ ವಸತಿ) ಜಾಗವೋ, ಕನ್ವರ್ಷನ್ ಮತ್ತು ನಕ್ಷೆ ಎರಡೂ ಆದ ಜಾಗವೋ ಅಂತ ಅರ್ಥ. ಫಾರಂ 11ಬಿ ಇದ್ದರೆ ಜಾಗ ಆ ಲೆಕ್ಕಕ್ಕೆ ಸೇರಿಲ್ಲ, ಕಂದಾಯಕ್ಕೆ ಮಾತ್ರ ದಾಖಲಾಗಿದೆ. ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಇದೇ ವ್ಯತ್ಯಾಸಕ್ಕೆ ಎ ಖಾತೆ, ಬಿ ಖಾತೆ ಅನ್ನುತ್ತಾರೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅಭಿಯಾನ ಮಾಡಿ ಅನಧಿಕೃತ ಬಡಾವಣೆಗಳಿಗೆ ಬಿ ಖಾತೆ ಕೊಡಲು ಶುರು ಮಾಡಿದಾಗ ‘ಇನ್ನೇನು, ಎಲ್ಲ ಸಕ್ರಮ ಆಯಿತು’ ಅಂತ ಸುದ್ದಿ ಹಬ್ಬಿತು. ಬಿ ಖಾತೆ ಬಂದರೆ ತೆರಿಗೆ ಕಟ್ಟಬಹುದು, ಮಾರಬಹುದು. ಅದರಿಂದ ಬಡಾವಣೆಗೆ ನಕ್ಷೆ ಹುಟ್ಟುವುದಿಲ್ಲ, ಪಾರ್ಕು ಹುಟ್ಟುವುದಿಲ್ಲ.

‘ಅಕ್ರಮ ಸಕ್ರಮದಲ್ಲಿ ಸರಿ ಮಾಡಿಸಿಕೊಳ್ಳಬಹುದು’ ಅನ್ನುವ ಮಾತೂ ಬರುತ್ತದೆ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ನಗರಗಳ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಸರ್ಕಾರ ಮುಂದೆ ಏನು ಮಾಡುತ್ತದೆ ಅನ್ನುವುದರ ಮೇಲೆ ನಿಮ್ಮ ಇಪ್ಪತ್ತು ಲಕ್ಷ ಇಡುವುದು ಬೇಡ ಅಂತ ನನ್ನ ಅಭಿಪ್ರಾಯ.

ಹಿಂದಿನ ಮಾಲೀಕ, ಅವನ ಹಿಂದಿನ ಮಾಲೀಕ

ಈಗ ಸಮಯ ಕೊಟ್ಟು ನೋಡಬೇಕಾದ ಭಾಗ. ಕಾವೇರಿ 2.0 ತಂತ್ರಾಂಶದಲ್ಲಿ ಕುಳಿತಲ್ಲೇ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಯಬಹುದು. ವ್ಯವಹಾರ ನಡೆದಿದ್ದರೆ ಫಾರಂ 15 ಬರುತ್ತದೆ, ಏನೂ ನಡೆದಿಲ್ಲದಿದ್ದರೆ ಫಾರಂ 16. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷದ್ದು ಕೇಳುತ್ತಾರೆ. ಸೈಟು ನಂಬರಿನ ಮೇಲೆ ಮಾತ್ರ ತೆಗೆದರೆ ಸಾಲದು. ಬಡಾವಣೆಯಾಗುವ ಮೊದಲಿನ ಸರ್ವೆ ನಂಬರಿನ ಮೇಲೂ ತೆಗೆಯಬೇಕು. ಹೊಲವಾಗಿದ್ದಾಗಿನ ಕಥೆ ಅಲ್ಲೇ ಸಿಗುವುದು.

ಇಸಿಯಲ್ಲಿ ಕಾಣುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದದ್ದು ಮಾತ್ರ. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲು, ನಡೆಯುತ್ತಿರುವ ಕೋರ್ಟ್ ಕೇಸು ಅದರಲ್ಲಿ ಇರುವುದಿಲ್ಲ. ಅದಕ್ಕೆ ಹಳೆಯ ಪಹಣಿಗಳನ್ನು ತೆಗೆಸಿ ಸಾಲಾಗಿ ಇಟ್ಟುಕೊಳ್ಳಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹತ್ತರಲ್ಲಿ ಅದು ಹೇಗೆ ಬಂತು, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕು. ಒಂದು ವರ್ಷದ ಪಹಣಿಯಲ್ಲಿ ಮೂರು ಹೆಸರಿದ್ದು ಮುಂದಿನ ವರ್ಷ ಒಂದೇ ಹೆಸರಾದರೆ ಮಧ್ಯೆ ಒಂದು ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಆಗಿರಬೇಕು. ಉಳಿದಿಬ್ಬರು ಯಾವ ಕಾಗದದ ಮೇಲೆ ಹೊರಗೆ ಹೋದರು ಅಂತ ಕೇಳಿ. ಉತ್ತರ ಮಾತಿನಲ್ಲಿ ಬಂದರೆ ಕಾಗದ ಇಲ್ಲ ಅಂತಲೇ ತಿಳಿಯಿರಿ.

ಅಕ್ಕತಂಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ತಂದೆ 2005ರಲ್ಲಿ ಬದುಕಿರಲೇಬೇಕು ಅಂತೇನಿಲ್ಲ, ಹುಟ್ಟಿನಿಂದಲೇ ಹಕ್ಕು ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಆದರೂ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಮಾತ್ರ ಕುಳಿತು ಜಮೀನು ಮಾರುವುದು ನಿಂತಿಲ್ಲ. ‘ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಅನ್ನುತ್ತಾರೆ. ಹತ್ತು ವರ್ಷ ಆದ ಮೇಲೆ ಜಾಗದ ಬೆಲೆ ಏರಿದಾಗ ಪಾಲು ಕೇಳಿ ದಾವೆ ಬೀಳುತ್ತದೆ, ಮತ್ತು ಪ್ರತಿವಾದಿಗಳ ಪಟ್ಟಿಯಲ್ಲಿ ಸೈಟು ಕೊಂಡ ನಿಮ್ಮ ಹೆಸರೂ ಇರುತ್ತದೆ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿಗೂ ಒಂದು ಸಹಿಯೋ, ಒಂದು ಹಕ್ಕು ಬಿಡುಗಡೆ ಪತ್ರವೋ ಇದೆಯಾ ಅಂತ ಬೆರಳಿಟ್ಟು ನೋಡಿ.

ಜಮೀನು ಮೊದಲು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅನ್ನುವುದನ್ನೂ ತಪ್ಪದೆ ನೋಡಿ. ಪಿಟಿಸಿಎಲ್ ಅಂತ ಕರೆಯುವ 1978ರ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಮಾರಾಟ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ವಾಪಸ್ಸು ಹೋಗುತ್ತದೆ. ಬಹಳ ವರ್ಷ ಆಯಿತು ಅನ್ನುವ ವಾದಕ್ಕೆ 2023ರ ತಿದ್ದುಪಡಿ ಜಾಗ ಉಳಿಸಿಲ್ಲ. ಈ ಕಾಯ್ದೆ ನ್ಯಾಯವಾದದ್ದೇ. ಕೊಳ್ಳುವವರು ಮೊದಲೇ ನೋಡಿಕೊಳ್ಳಬೇಕು ಅಷ್ಟೆ.

ಹಾಗೇ ಖರಾಬು, ಅಂದರೆ ಬೇಸಾಯಕ್ಕೆ ಬಾರದ ನೆಲ. ಸರ್ವೆ ದಾಖಲೆಯಲ್ಲಿ ಬಿ ಖರಾಬು ಅಂತ ಇದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಗ್ರಾಮ ನಕಾಶೆಯನ್ನು ಲೇಔಟ್ ನಕ್ಷೆಯ ಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಬೇರೆಯದೇ ಚಿತ್ರ ಕಾಣುತ್ತದೆ. ಕ್ರಯಪತ್ರದ ಚೆಕ್‌ಬಂದಿಯಲ್ಲಿ, ಅಂದರೆ ನಾಲ್ಕು ಎಲ್ಲೆಯ ವಿವರದಲ್ಲಿ, ‘ಪೂರ್ವಕ್ಕೆ: ರಸ್ತೆ’ ಅಂತ ಇರುತ್ತದೆ. ನಕಾಶೆಯಲ್ಲಿ ಅದೇ ಗೆರೆ ಹಳ್ಳದ ಗುರುತು. ಬೇಸಿಗೆಯಲ್ಲಿ ಹೋದರೆ ಒಣ ಮಣ್ಣು, ಮೇಲೆ ಜಲ್ಲಿ ಬೇರೆ ಸುರಿದಿರುತ್ತಾರೆ. ಜೋರು ಮಳೆ ಬಂದ ಮಾರನೆಯ ದಿನ ಹೋಗಿ ನಿಂತರೆ ನೀರೇ ತನ್ನ ದಾರಿ ತೋರಿಸುತ್ತದೆ.

ಜಿಪಿಎ ಮೇಲೆ ಮಾರುತ್ತೇವೆ ಅಂದರೆ ಬೇಡ. ಬರೀ ಜನರಲ್ ಪವರ್ ಆಫ್ ಅಟಾರ್ನಿಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮುಡಾ ತಾನೇ ಹಂಚಿದ ಸೈಟಾದರೂ ಕಣ್ಣು ಮುಚ್ಚಿ ಕೊಳ್ಳಬೇಡಿ. ಜಮೀನು ಕಳೆದುಕೊಂಡವರಿಗೆ 50:50 ಅನುಪಾತದಲ್ಲಿ, ಅಂದರೆ ಅಭಿವೃದ್ಧಿ ಮಾಡಿದ ಜಾಗದ ಅರ್ಧ ಅವರಿಗೆ ಅನ್ನುವ ಲೆಕ್ಕದಲ್ಲಿ, ಕೊಟ್ಟ ಸೈಟುಗಳ ಮೇಲೆ 2024ರಲ್ಲಿ ತನಿಖೆ ಶುರುವಾಯಿತು, ಜಾರಿ ನಿರ್ದೇಶನಾಲಯ ಹಲವನ್ನು ಮುಟ್ಟುಗೋಲು ಹಾಕಿಕೊಂಡಿತು. ಹಂಚಿಕೆ ಯಾವ ಲೆಕ್ಕದಲ್ಲಿ ಆದದ್ದು ಅಂತ ಕೇಳಬೇಕು.

ಇಷ್ಟೆಲ್ಲ ನಮಗೆ ಗೊತ್ತಾಗುವುದಿಲ್ಲಪ್ಪ ಅನ್ನುವವರಿಗೆ ಒಂದು ಸುಲಭ ಜರಡಿ ಇದೆ. ಕೈಯಲ್ಲಿ ಪೂರ್ತಿ ದುಡ್ಡಿದ್ದರೂ ಬ್ಯಾಂಕಿನಲ್ಲಿ ಸ್ವಲ್ಪ ಸಾಲಕ್ಕೆ ಅರ್ಜಿ ಹಾಕಿ. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ. ಅವರು ಒಪ್ಪಿದರೆ ಎಲ್ಲ ಸರಿ ಅಂತಲ್ಲ. ಅವರು ಒಪ್ಪದಿದ್ದರೆ ಮಾತ್ರ ಅಲ್ಲಿ ಏನೋ ಇದೆ. ‘ಈ ಲೇಔಟಿಗೆ ಬ್ಯಾಂಕ್ ಲೋನ್ ಆಗಲ್ಲ, ನಮ್ಮದೇ ಕಂತಿನ ಸ್ಕೀಮ್ ಇದೆ’ ಅನ್ನುವವರ ಹತ್ತಿರ ಮುಂದಿನ ಪ್ರಶ್ನೆಯನ್ನೇ ಕೇಳಬೇಡಿ. ನಿಮ್ಮದೇ ವಕೀಲರಿಗೆ ಕೊಡುವ ಫೀಸು ಉಳಿಸಲೂ ಬೇಡಿ, ಮತ್ತು ಆ ವಕೀಲರನ್ನು ಮಾರುವವರು ತೋರಿಸಿಕೊಡುವುದೂ ಬೇಡ.

ಲೆಕ್ಕ

ಒಂದು ಉದಾಹರಣೆ ಹಾಕೋಣ. ಗ್ರಾಮಾಂತರ ಪ್ರದೇಶದ ಒಂದು 30x40 ಸೈಟು ಚದರ ಅಡಿಗೆ 2,000 ರೂಪಾಯಿ ಅಂದುಕೊಳ್ಳಿ. 24 ಲಕ್ಷ ಆಯಿತು. ಮುದ್ರಾಂಕ ಶುಲ್ಕ ಶೇ 5, ಅಂದರೆ 1,20,000. ಅದರ ಮೇಲೆ ಶೇ 10 ಸೆಸ್ 12,000, ಗ್ರಾಮಾಂತರದಲ್ಲಿ ಶೇ 3 ಸರ್‌ಚಾರ್ಜ್ 3,600. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿತು, ಹಾಗಾಗಿ 48,000. ಒಟ್ಟು 1,83,600 ರೂಪಾಯಿ. ಬ್ರೋಕರ್ ಕಮಿಷನ್, ವಕೀಲರು, ಖಾತೆ ಬದಲಾವಣೆ ಬೇರೆ. ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ಈ ಶುಲ್ಕಗಳನ್ನು ಆಸ್ತಿಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಇದು ಪೂರ್ತಿ ಕೈಯಿಂದಲೇ ಹೋಗಬೇಕು. ಖಾಲಿ ಸೈಟಿಗೆ ಮನೆಗೆ ಕೊಡುವಷ್ಟು ಸಾಲವನ್ನೂ ಕೊಡುವುದಿಲ್ಲ.

ಶುಲ್ಕ ಕಟ್ಟಬೇಕಾದ್ದು ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಮತ್ತು ನಿಜವಾದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಇಲ್ಲಿ ಒಂದು ಹಳೆಯ ಒತ್ತಾಯ ಬರುತ್ತದೆ. ಮಾರ್ಗಸೂಚಿ ದರ 15 ಲಕ್ಷ ಇದೆ, ಅಷ್ಟಕ್ಕೇ ರಿಜಿಸ್ಟರ್ ಮಾಡಿಸೋಣ, ಉಳಿದ 9 ಲಕ್ಷ ಕ್ಯಾಶ್ ಕೊಡಿ, ನಿಮಗೂ ಉಳಿತಾಯ ಅನ್ನುತ್ತಾರೆ. ಉಳಿಯುವುದು 68,850 ರೂಪಾಯಿ. ಈಗ ಆ ಕಡೆಯ ಲೆಕ್ಕ ನೋಡಿ. ಮುಂದೆ ವ್ಯವಹಾರ ಮುರಿದು ದುಡ್ಡು ವಾಪಸ್ಸು ಕೇಳಬೇಕಾಗಿ ಬಂದರೆ ಕಾಗದದಲ್ಲಿ ಇರುವುದು 15 ಲಕ್ಷ ಮಾತ್ರ. ಬ್ಯಾಂಕು ಸಾಲ ಕೊಡುವುದು 15ರ ಮೇಲೆ. ನಾಳೆ ನೀವು ಮಾರಿದಾಗ ಲಾಭದ ತೆರಿಗೆ ಹಾಕುವುದೂ 15ಕ್ಕೆ ಕೊಂಡಿದ್ದೀರಿ ಅಂತಲೇ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ ಅನ್ನುವುದು ಬೇರೆ ಮಾತು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಮುರಿದು ಕಟ್ಟಬೇಕು.

ವಾಸ ಮಾಡುವವರ ಕಣ್ಣಲ್ಲಿ

ಕಾಗದ ಎಲ್ಲ ಸರಿ ಇದೆ ಅಂತಿಟ್ಟುಕೊಳ್ಳೋಣ. ಉಳಿದದ್ದು ಕಾದರೆ ಸರಿಹೋಗುವ ಜಾತಿಯ ಬಾಕಿ. ಎಷ್ಟು ವರ್ಷ, ಮತ್ತು ಅಲ್ಲಿಯವರೆಗೆ ಖರ್ಚು ಯಾರದು?

ಲೇಔಟಿಗೆ ಹೋದಾಗ ಕಮಾನು, ಹಳದಿ-ಕಪ್ಪು ಕರ್ಬ್ ಕಲ್ಲು, ಹೊಸ ಟಾರು ನೋಡಿ ಖುಷಿಪಡಿ, ತಪ್ಪಿಲ್ಲ. ಆಮೇಲೆ ಒಂದು ಮ್ಯಾನ್‌ಹೋಲ್ ಮುಚ್ಚಳ ಎತ್ತಿಸಿ. ಸುಮ್ನೆ ಗುಂಡಿ ಕಟ್ಟಿ ಮುಚ್ಚಳ ಹಾಕಿದ್ದಾರಾ, ಒಳಗೆ ಪೈಪು ಎರಡೂ ಕಡೆ ಹೋಗಿದೆಯಾ? ಪೈಪು ಇದ್ದರೆ ಅದು ಕೊನೆಗೆ ಎಲ್ಲಿ ಸೇರುತ್ತದೆ? ಲೇಔಟಿನ ಅತ್ಯಂತ ತಗ್ಗಿನ ಮೂಲೆಗೆ ನಡೆದುಕೊಂಡು ಹೋದರೆ ಉತ್ತರ ಮೂಗಿಗೇ ಗೊತ್ತಾಗುತ್ತದೆ. ಹೊರಗಿನ ಯುಜಿಡಿ (ಒಳಚರಂಡಿ) ಲೈನಿಗೆ ಸೇರದೆ ಪಕ್ಕದ ಹೊಲಕ್ಕೋ ಕೆರೆಗೋ ಬಿಟ್ಟಿರುವ ಬಡಾವಣೆಗಳು ಮೈಸೂರಿನ ಸುತ್ತ ಬೇಕಾದಷ್ಟಿವೆ. ಇವತ್ತು ಹತ್ತು ಮನೆ ಇದ್ದಾಗ ನಡೆದುಹೋಗುತ್ತದೆ, ನೂರು ಮನೆ ಆದಾಗ ಜಗಳ.

ನೀರಿನದು ಅದಕ್ಕಿಂತ ದೊಡ್ಡ ಕಥೆ. ಮೈಸೂರು ನಗರಕ್ಕೆ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಬರುತ್ತದೆ, ಕಬಿನಿ ನೀರು ಬಿದರಗೂಡಿನಿಂದ. ಅಂಚಿನ ಬಡಾವಣೆಗಳಲ್ಲಿ ಬಹಳಷ್ಟಕ್ಕೆ ಇದು ಇನ್ನೂ ಸರಿಯಾಗಿ ತಲುಪಿಲ್ಲ. ಹಳೆ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಬಂದರೆ ಸರಿಹೋಗುತ್ತದೆ ಅಂತ ವರ್ಷಗಳಿಂದ ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಬಡಾವಣೆಯ ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ‘ಕಾವೇರಿ ಕನೆಕ್ಷನ್ ಇದೆ’ ಅಂದರೆ ಪೈಪು ಹಾಕಿದ್ದಾರೆ ಅಂತಲೂ ಇರಬಹುದು, ನೀರು ಬರುತ್ತದೆ ಅಂತಲೂ ಇರಬಹುದು. ಈಗಾಗಲೇ ಅಲ್ಲಿ ಮನೆ ಕಟ್ಟಿಕೊಂಡವರ ಬಾಗಿಲು ತಟ್ಟಿ ಮೂರು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ದಿನ ನೀರು, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ, ಬೋರ್ ಎಷ್ಟು ಅಡಿಗೆ ಸಿಕ್ಕಿತು? ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಫಿ ಕೊಟ್ಟು ಇನ್ನೂ ಹತ್ತು ವಿಷಯ ಹೇಳುತ್ತಾರೆ.

ಬಡಾವಣೆ ಹಸ್ತಾಂತರ ಆಗದೆ ಉಳಿದರೆ ಏನಾಗುತ್ತದೆ ಅಂತಲೂ ಅವರೇ ಹೇಳುತ್ತಾರೆ. ಬೀದಿದೀಪ ಕೆಟ್ಟರೆ ಪಟ್ಟಣ ಪಂಚಾಯಿತಿ ‘ನಮಗಿನ್ನೂ ಬಂದಿಲ್ಲ’ ಅನ್ನುತ್ತದೆ, ಪ್ರಾಧಿಕಾರ ‘ಡೆವಲಪರ್ ನೋಡಬೇಕು’ ಅನ್ನುತ್ತದೆ, ಡೆವಲಪರ್ ಅಷ್ಟರಲ್ಲಿ ಮುಂದಿನ ಲೇಔಟಿಗೆ ಹೋಗಿರುತ್ತಾರೆ. ಕೊನೆಗೆ ನಿವಾಸಿಗಳ ಸಂಘ ತಿಂಗಳಿಗಿಷ್ಟು ಅಂತ ವಂತಿಗೆ ಎತ್ತಿ ಪಂಪ್ ಆಪರೇಟರ್‌ಗೆ ಸಂಬಳ ಕೊಡುತ್ತದೆ. ಸಂಘ ಗಟ್ಟಿಯಾಗಿದ್ದರೆ ಅದು ಒಳ್ಳೆಯ ಲಕ್ಷಣ. ಸಂಘದಲ್ಲೇ ಎರಡು ಗುಂಪಿದ್ದರೆ ಅದನ್ನೂ ತಿಳಿದುಕೊಂಡಿರಿ.

ಓಡಾಟದ ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲಸಕ್ಕೆ ದಿನಕ್ಕೆ ಹೋಗಿ ಬರಲು ನಲವತ್ತು ಕಿಲೋಮೀಟರ್ ಆದರೆ ತಿಂಗಳಿಗೆ ಸಾವಿರ. ಬೈಕು ಲೀಟರಿಗೆ ನಲವತ್ತೈದು ಕೊಟ್ಟರೂ ಇಪ್ಪತ್ತೆರಡು ಲೀಟರ್ ಪೆಟ್ರೋಲ್. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗುವವರಾದರೆ ಎರಡು ಗಾಡಿ. ಮಕ್ಕಳ ಶಾಲೆ ವ್ಯಾನು ಲೇಔಟಿನ ಒಳಗೆ ಬರುವುದಿಲ್ಲ, ಮೇನ್ ರೋಡಿಗೆ ಬಿಡಬೇಕು. ಬಸ್ಸು ಬರುತ್ತದೆ ಅಂದರೆ ರಾತ್ರಿಯ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ನಿಮಿಷ ಅಂತ ಒಮ್ಮೆ ಗಾಡಿ ಓಡಿಸಿಯೇ ನೋಡಿ.

ಇಷ್ಟಾದರೂ ಅಂಚಿನಲ್ಲಿ ಬದುಕುವುದು ಕಷ್ಟವೇ ಅಂತ ನಾನು ಹೇಳುತ್ತಿಲ್ಲ. ಗಾಳಿ, ಬೆಳಕು, ಬಟ್ಟೆ ಒಣಗಿಸಲು ಜಾಗ, ಬೆಳಗ್ಗೆ ನಡೆದಾಡಲು ಖಾಲಿ ರಸ್ತೆ, ದೂರದಲ್ಲಿ ಚಾಮುಂಡಿ ಬೆಟ್ಟ. ಕೂರ್ಗಳ್ಳಿಯಲ್ಲಿ ಕೆಲಸ ಮಾಡುವವರು ಇಲವಾಲದ ಕಡೆ ಮನೆ ಮಾಡಿದರೆ, ಕಡಕೊಳದಲ್ಲಿ ಕೆಲಸ ಮಾಡುವವರು ಅದೇ ದಾರಿಯಲ್ಲಿ ಮನೆ ಮಾಡಿದರೆ ಅವರಿಗೆ ಅದು ಅಂಚೇ ಅಲ್ಲ, ಕೆಲಸದ ಪಕ್ಕ. ಕಷ್ಟ ಬೀಳುವವರು ಬೇರೆ: ಬೋಗಾದಿ ರೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ದಿನಾ ನಂಜನಗೂಡಿಗೆ ಓಡಾಡುವವರು.

ಆದ್ದರಿಂದ ಸಾಧ್ಯವಿದ್ದರೆ ಮೊದಲು ಅದೇ ಕಡೆ ಬಾಡಿಗೆಗೆ ಇರಿ. ಒಂದು ಬೇಸಿಗೆ, ಒಂದು ಮಳೆಗಾಲ ಸಾಕು. ಅಂಚಿನಲ್ಲಿ ಬಾಡಿಗೆ ಕಡಿಮೆ. ಒಂದು ವರ್ಷದ ಬಾಡಿಗೆ ಎಷ್ಟೋ ಸಲ ನೋಂದಣಿ ಖರ್ಚಿಗಿಂತ ಕಡಿಮೆಯೇ ಆಗುತ್ತದೆ. ಆ ಒಂದು ವರ್ಷದಲ್ಲಿ ಯಾವ ಲೇಔಟಿನಲ್ಲಿ ನೀರಿದೆ, ಯಾವುದರಲ್ಲಿ ಕೇಸಿದೆ, ಯಾರು ಮಾರಲು ಕಾಯುತ್ತಿದ್ದಾರೆ ಅನ್ನುವುದು ಟೀ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಸೈಟು ಕೊಂಡು ಮನೆ ಕಟ್ಟದೆ ಹಾಗೇ ಬಿಡುವವರಿಗೆ ಇನ್ನೆರಡು ಮಾತು. ನೋಂದಣಿಯಾದ ಕೂಡಲೇ ಖಾತೆ ನಿಮ್ಮ ಹೆಸರಿಗೆ ಮಾಡಿಸಿ, ವರ್ಷ ವರ್ಷ ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಿ, ನಾಲ್ಕು ಮೂಲೆಗೆ ಕಲ್ಲು ನೆಟ್ಟು ಬೇಲಿ ಹಾಕಿಸಿ. ವರ್ಷಕ್ಕೊಮ್ಮೆ ಇಸಿ ತೆಗೆದು ನೋಡಿ, ನಿಮ್ಮ ಸೈಟು ನಿಮಗೆ ಗೊತ್ತಿಲ್ಲದೆ ಬೇರೆ ಯಾರಿಗೋ ನೋಂದಣಿ ಆಗಿಲ್ಲ ಅಂತ ಖಾತ್ರಿ ಆಗುತ್ತದೆ. ಬೇರೆ ಊರಲ್ಲಿರುವವರು ಪಕ್ಕದ ಮನೆಯವರ ನಂಬರ್ ಇಟ್ಟುಕೊಳ್ಳಿ. ಯಾರಾದರೂ ಬಂದು ಟೇಪು ಹಿಡಿದು ಅಳತೆ ಮಾಡಲು ಶುರು ಮಾಡಿದರೆ ಮೊದಲು ನೋಡುವುದು ಅವರೇ.